ಕಾದಂಬರಿಯಲ್ಲಿ ತುಂಬಾ ಪಾತ್ರಗಳಿದ್ದರೆ ಹೇಗೆ ಸಂಭಾಳಿಸುವುದು?

ನಿಮ್ಮ ಕಾದಂಬರಿಯಲ್ಲಿ 23 ಪಾತ್ರಗಳಿವೆ, ಎಲ್ಲರಿಗೂ ಸಮನಾಗಿ ಜಾಗ ಕೊಡುವುದು ಹೇಗೆ ಅಂತ ಕೇಳಿದ್ದೀರಿ. ಸಮನಾಗಿ ಕೊಡಬೇಡಿ. ಯಾರಿಗೆ ಎಷ್ಟು ಪುಟ ಸಿಕ್ಕಿತು ಅಂತ ಓದುಗರು ಎಣಿಸುವುದಿಲ್ಲ, ಬಂದವರು ಯಾರು ಅಂತ ಗುರುತು ಸಿಕ್ಕರೆ ಅವರಿಗೆ ಸಾಕು.

ನನ್ನ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಆಸ್ತಿ ಪಾಲಾಗುವ ದಿನ ಇಡೀ ಮನೆತನ ಒಂದೇ ಕೋಣೆಯಲ್ಲಿ ಸೇರಿತ್ತು. 11 ಜನ. ಹೆಸರು, ವಯಸ್ಸು, ಸಂಬಂಧ ಎಲ್ಲವನ್ನೂ ಮೂರೇ ಪುಟದಲ್ಲಿ ಹೇಳಿಬಿಟ್ಟಿದ್ದೆ. ಗೆಳತಿಯೊಬ್ಬಳು ಐದನೇ ಅಧ್ಯಾಯಕ್ಕೆ ಬಂದು "ಈ ರಮೇಶ ಯಾರು, ಮಗನೋ ಅಳಿಯನೋ?" ಅಂತ ಕೇಳಿದಳು. ರಮೇಶ, ರಾಜೇಶ, ರಘು ಮೂವರೂ ಇದ್ದರು, ಗೊಂದಲ ಆಗದೆ ಇರುತ್ತಾ? ಹೆಸರಿನ ಮೊದಲ ಅಕ್ಷರ ಬೇರೆ ಬೇರೆ ಇರಲಿ, ಇದು ಸಣ್ಣ ವಿಷಯ ಅನ್ನಿಸಿದರೂ ತುಂಬಾ ಸಹಾಯ ಮಾಡುತ್ತದೆ.

ಮತ್ತೆ ಬರೆದಾಗ ಆ ಕೋಣೆಯೊಳಗೆ ಮೂವರನ್ನು ಮಾತ್ರ ಬಿಟ್ಟೆ. ದೊಡ್ಡಮ್ಮನ ವಯಸ್ಸು, ಮೈಬಣ್ಣ ಎಲ್ಲ ಹೊಡೆದುಹಾಕಿದೆ. ಪಾಲಿನ ಮಾತು ಬಂದಾಗಲೆಲ್ಲ ಅವಳು ಬೀಗದಕೈ ಗೊಂಚಲನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಾಳೆ, ಅಷ್ಟೇ. ಅವಳ ಗುರುತೂ ಅದೇ, ಅವಳಿಗೆ ಏನು ಬೇಕು ಅನ್ನುವುದೂ ಅದರಲ್ಲೇ ಇದೆ. ಎಂಟು ಅಧ್ಯಾಯ ಕಳೆದ ಮೇಲೆ ಬಾಗಿಲಾಚೆ ಬೀಗದಕೈ ಸದ್ದಾದರೆ ಸಾಕು, ಹೆಸರು ಹೇಳಬೇಕಾಗಿಯೇ ಇಲ್ಲ.

ಹೊಸಬರನ್ನು ಗುಂಪಾಗಿ ತರಬೇಡಿ. 1967ರಲ್ಲಿ ಬಂದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಎಷ್ಟೊಂದು ಜನರಿರುವ ಕಾದಂಬರಿ, ಅಲ್ವಾ? ಆದರೆ ಶುರುವಿನಲ್ಲಿ ನಾವು ಗುತ್ತಿ ಮತ್ತು ಅವನ ನಾಯಿ ಹುಲಿಯನ ಜೊತೆ ನಡೆಯುತ್ತಾ ಹೋಗುತ್ತೇವೆ, ಅವನಿಗೆ ಎದುರಾದವರು ನಮಗೂ ಪರಿಚಯವಾಗುತ್ತಾರೆ.

ಇನ್ನೊಂದು ಕೆಲಸ ಮಾಡಿ. ದೊಡ್ಡ ಹಾಳೆಯಲ್ಲಿ ಅಡ್ಡಕ್ಕೆ ಅಧ್ಯಾಯ, ಉದ್ದಕ್ಕೆ ಹೆಸರು ಬರೆದು, ಯಾರು ಎಲ್ಲಿ ಬರುತ್ತಾರೋ ಅಲ್ಲಿ ಟಿಕ್ ಹಾಕುತ್ತಾ ಹೋಗಿ. ಸಾಲಾಗಿ ಆರೇಳು ಮನೆ ಖಾಲಿ ಕಂಡರೆ, ಆ ಪಾತ್ರ ಇಲ್ಲದಿದ್ದರೆ ಕಥೆಗೆ ಏನು ಕಡಿಮೆ ಅಂತ ಯೋಚಿಸಿ. ಏನೂ ಇಲ್ಲ ಅಂದರೆ ಇನ್ನೊಬ್ಬರ ಜೊತೆ ಸೇರಿಸಿಬಿಡಿ. ನನ್ನ ಕಥೆಯ ಗುಮಾಸ್ತ ಮತ್ತು ಚಿಕ್ಕಪ್ಪ ಹೀಗೇ ಒಬ್ಬರಾದರು. ಸುಳ್ಳು ಲೆಕ್ಕ ಬರೆದವನು ಸಂಬಳದ ಆಳಾಗಿದ್ದಾಗ ಅದು ಬರೀ ಕಳ್ಳತನವಾಗಿತ್ತು, ಸ್ವಂತ ತಮ್ಮನೇ ಬರೆದ ಅಂದಾಗ ಇಡೀ ಮನೆ ನಡುಗಿತು.

ಮೊದಲ ಅಧ್ಯಾಯದಲ್ಲಿ ಎಷ್ಟು ಜನ ಬರುತ್ತಾರೆ ಅಂತ ನೀವು ಹೇಳಿಲ್ಲ. ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಅಲ್ಲಿಂದಲೇ ಶುರು ಮಾಡಿ.