ಹೊಟ್ಟಿನ ಶಾಂಪೂವಿನಲ್ಲಿ ಬೇವು, ನಿಂಬೆ, ಟೀ ಟ್ರೀ ಎಣ್ಣೆ: ಪರೀಕ್ಷಿಸುವ ಬಗೆ ಯಾವುದು?

ಪ್ರಶ್ನೆ: ನಾನು ಜೀವಶಾಸ್ತ್ರದ ಪದವಿ ವಿದ್ಯಾರ್ಥಿನಿ. ಬೇವಿನ ಸಾರ, ಮೆಂತ್ಯದ ಸಾರ, ನಿಂಬೆರಸ ಮತ್ತು ಟೀ ಟ್ರೀ ಎಣ್ಣೆಯನ್ನು (ಆಸ್ಟ್ರೇಲಿಯಾ ಮೂಲದ ಒಂದು ಮರದ ಎಲೆಗಳಿಂದ ತೆಗೆದ ಎಣ್ಣೆ) ಸಾಧಾರಣ ಶಾಂಪೂವಿಗೆ ಬೇರೆಬೇರೆಯಾಗಿ ಬೆರೆಸಿ, ಯಾವುದು ತಲೆಹೊಟ್ಟನ್ನು ಚೆನ್ನಾಗಿ ತಡೆಯುತ್ತದೆ ಎಂದು ಕಾಲೇಜಿನ ಪ್ರಾಜೆಕ್ಟ್‌ಗಾಗಿ ಪರೀಕ್ಷಿಸಬೇಕೆಂದಿದ್ದೇನೆ. ಪೆಟ್ರಿ ತಟ್ಟೆಯಲ್ಲಿ ಬ್ರೆಡ್ಡಿಗೆ ಬಳಸುವ ಯೀಸ್ಟ್ ಬೆಳೆಸಿ, ಶಾಂಪೂವಿನಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಅದರ ಮೇಲಿಟ್ಟು, ಸುತ್ತ ಬೆಳವಣಿಗೆ ನಿಂತ ವಲಯವನ್ನು ಅಳೆದರೆ ಸಾಕೇ?

ಉತ್ತರ: ಸಾಲದು. ಆದರೆ ನಿಮ್ಮ ಪ್ರಶ್ನೆ ಒಳ್ಳೆಯದು, ಯೋಜನೆಯನ್ನು ತಿದ್ದಿಕೊಂಡರೆ ಪ್ರಾಜೆಕ್ಟ್ ಕೂಡ ಒಳ್ಳೆಯದಾಗುತ್ತದೆ.

ಮೊದಲನೆಯದಾಗಿ, ಹೊಟ್ಟಿಗೆ ಸಂಬಂಧಿಸಿದ ಯೀಸ್ಟ್ ಬ್ರೆಡ್ಡಿನ ಯೀಸ್ಟ್ ಅಲ್ಲ. ಅದು ಮಲಸೀಜಿಯಾ, ನೆತ್ತಿಯಲ್ಲಿ ಮುಖ್ಯವಾಗಿ ಸಿಗುವ ಜಾತಿಗಳು ಗ್ಲೋಬೋಸಾ ಮತ್ತು ರೆಸ್ಟ್ರಿಕ್ಟಾ. ಇವು ತಮಗೆ ಬೇಕಾದ ಕೊಬ್ಬಿನಾಮ್ಲಗಳನ್ನು ತಾವೇ ತಯಾರಿಸಿಕೊಳ್ಳಲಾರವು. ಆದ್ದರಿಂದ ನೆತ್ತಿಯ ಜಿಡ್ಡನ್ನು ಕಿಣ್ವಗಳಿಂದ ಒಡೆದು ಬೇಕಾದ ಆಮ್ಲಗಳನ್ನು ಬಳಸಿಕೊಳ್ಳುತ್ತವೆ, ಬೇಡವಾದ ಒಲೀಕ್ ಆಮ್ಲದಂಥವನ್ನು ಚರ್ಮದ ಮೇಲೆಯೇ ಬಿಡುತ್ತವೆ. ಅದನ್ನು ಸಹಿಸದ ನೆತ್ತಿಯಲ್ಲಿ ಉರಿ, ತುರಿಕೆ ಹುಟ್ಟಿ, ಚರ್ಮದ ಕೋಶಗಳು ಪೂರ್ತಿ ಬಲಿಯುವ ಮೊದಲೇ ಗುಂಪುಗುಂಪಾಗಿ ಉದುರುತ್ತವೆ. ಎಣ್ಣೆಯನ್ನು ಅವಲಂಬಿಸಿ ಬದುಕುವ ಈ ಜೀವಿ ಸಾಮಾನ್ಯ ಮಾಧ್ಯಮದಲ್ಲಿ (ಸೂಕ್ಷ್ಮಜೀವಿಗಳನ್ನು ಬೆಳೆಸುವ ಪೋಷಕ ಪದಾರ್ಥದಲ್ಲಿ) ಬೆಳೆಯುವುದಿಲ್ಲ. ಕೊಬ್ಬಿನಂಶ ಸೇರಿಸಿದ ಡಿಕ್ಸನ್ ಅಗರ್‌ನಂಥ (ಅಗರ್ ಎಂದರೆ ಜೆಲ್ಲಿಯಂತೆ ಗಟ್ಟಿಯಾಗುವ ಪದಾರ್ಥ) ಮಾಧ್ಯಮ, ಸುಮಾರು 32 ಡಿಗ್ರಿ ಸೆಲ್ಸಿಯಸ್ ಶಾಖ, ಹಲವು ದಿನಗಳ ತಾಳ್ಮೆ ಬೇಕು. ನಿಮ್ಮ ಪ್ರಯೋಗಾಲಯದಲ್ಲಿ ಇದು ಸಾಧ್ಯವಾಗದಿದ್ದರೆ ಬ್ರೆಡ್ ಯೀಸ್ಟನ್ನೇ ಬಳಸಿ, ಆದರೆ ವರದಿಯ ಶೀರ್ಷಿಕೆಯಲ್ಲಿಯೇ ಅದನ್ನು ಹೇಳಿ. ‘ತಲೆಹೊಟ್ಟಿನ ಮೇಲೆ ಪರಿಣಾಮ’ ಎಂದು ಬರೆಯಬೇಡಿ.

ಎರಡನೆಯದು ಇನ್ನೂ ಮುಖ್ಯ. ಶಾಂಪೂವಿನಲ್ಲಿ ನೊರೆ ತರುವ ಮಾರ್ಜಕಗಳೇ ಸೂಕ್ಷ್ಮಜೀವಿಗಳನ್ನು ಬಾಧಿಸಬಲ್ಲವು. ಬೇವು ಬೆರೆಸಿದ ಶಾಂಪೂವಿನ ಸುತ್ತ ದೊಡ್ಡ ವಲಯ ಕಂಡರೆ ಆ ಫಲ ಬೇವಿನದೋ ಮಾರ್ಜಕದ್ದೋ ತಿಳಿಯುವುದಿಲ್ಲ. ಹೀಗಾಗಿ ಏನೂ ಬೆರೆಸದ ಅದೇ ಶಾಂಪೂವಿನ ಬಿಲ್ಲೆ, ಬರೀ ಶುದ್ಧ ನೀರಿನ ಬಿಲ್ಲೆ, ಹೋಲಿಕೆಗೆ ಶೇಕಡಾ 2ರ ಕೀಟೋಕೊನಜೋಲ್ (ಶಿಲೀಂಧ್ರನಾಶಕ ಔಷಧಿ) ಶಾಂಪೂವಿನ ಬಿಲ್ಲೆ ಇರಲೇಬೇಕು. ಸಾರವನ್ನು ಆಲ್ಕೋಹಾಲ್‌ನಲ್ಲಿ ತೆಗೆದಿದ್ದರೆ ಅಷ್ಟೇ ಆಲ್ಕೋಹಾಲ್ ಬೆರೆಸಿದ ಶಾಂಪೂವನ್ನೂ ಪರೀಕ್ಷಿಸಬೇಕು. ಬಾಟಲಿಗಳಿಗೆ ಬೇರೊಬ್ಬರಿಂದ ಸಂಕೇತ ಸಂಖ್ಯೆ ಹಾಕಿಸಿ, ಅಳತೆ ಮುಗಿಯುವವರೆಗೆ ಯಾವುದರಲ್ಲಿ ಏನಿದೆ ಎಂಬುದು ನಿಮಗೆ ತಿಳಿಯದಂತೆ ನೋಡಿಕೊಳ್ಳಿ.

ಇನ್ನು ಬಿಲ್ಲೆಯ ವಿಧಾನ. ಅಗರ್‌ನ ಬಹುಪಾಲು ನೀರು, ಅದರಲ್ಲಿ ಎಣ್ಣೆ ಸುಲಭವಾಗಿ ಹರಡುವುದಿಲ್ಲ. ಟೀ ಟ್ರೀ ಎಣ್ಣೆಯ ಸುತ್ತ ಕಿರಿದಾದ ವಲಯ ಕಂಡರೆ ಅದು ದುರ್ಬಲವೆಂದು ಅರ್ಥವಲ್ಲ. ಮೇಲಾಗಿ ಬಿಲ್ಲೆ ತಟ್ಟೆಯಲ್ಲಿ ದಿನಗಟ್ಟಲೆ ಕೂತಿರುತ್ತದೆ, ಶಾಂಪೂ ತಲೆಯಲ್ಲಿ ಇರುವುದು ಮೂರು ಅಥವಾ ಐದು ನಿಮಿಷ. ಆದ್ದರಿಂದ ನಾನು ಸೂಚಿಸುವುದು ಹೀಗೆ: ಯೀಸ್ಟಿನ ದ್ರಾವಣಕ್ಕೆ ಶಾಂಪೂ ಬೆರೆಸಿ, ಸರಿಯಾಗಿ ಐದು ನಿಮಿಷವಾದೊಡನೆ ಬಹಳಷ್ಟು ನೀರು ಸೇರಿಸಿ ತೆಳುವಾಗಿಸಿ, ಅದರ ಒಂದು ಹನಿಯನ್ನು ತಟ್ಟೆಯ ಮೇಲೆ ಹರಡಿ, ಬೆಳೆದ ಕಾಲೊನಿಗಳನ್ನು (ಕಣ್ಣಿಗೆ ಕಾಣುವ ಯೀಸ್ಟ್ ಗುಂಪುಗಳನ್ನು) ಎಣಿಸಿ. ಪ್ರತಿ ಮಾದರಿಗೆ ಕನಿಷ್ಠ ಮೂರು ತಟ್ಟೆಗಳಿರಲಿ. ನಿಜವಾದ ತಲೆಸ್ನಾನಕ್ಕೆ ಇದು ಬಿಲ್ಲೆಗಿಂತ ಹತ್ತಿರದ ಪರೀಕ್ಷೆ.

ಪ್ರಮಾಣವನ್ನೂ ಮರೆಯಬೇಡಿ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೊಟ್ಟಿನ ತೊಂದರೆಯಿದ್ದ 126 ಜನರಲ್ಲಿ ಕೆಲವರಿಗೆ ಶೇಕಡಾ 5ರಷ್ಟು ಟೀ ಟ್ರೀ ಎಣ್ಣೆಯ ಶಾಂಪೂವನ್ನೂ ಉಳಿದವರಿಗೆ ಎಣ್ಣೆಯಿಲ್ಲದ ಶಾಂಪೂವನ್ನೂ ನಾಲ್ಕು ವಾರ ಕೊಡಲಾಗಿತ್ತು. ಎಣ್ಣೆ ಬಳಸಿದವರಲ್ಲಿ ಹೊಟ್ಟು ಶೇಕಡಾ 41ರಷ್ಟು, ಬಳಸದವರಲ್ಲಿ ಶೇಕಡಾ 11ರಷ್ಟು ತಗ್ಗಿತು. ಆ 11ನ್ನು ಗಮನಿಸಿ: ಎಣ್ಣೆಯೇ ಇಲ್ಲದ ಶಾಂಪೂವಿನಿಂದಲೂ ಅಷ್ಟು ಇಳಿಯಿತು. ಶೇಕಡಾ 5 ಎಂದರೆ 100 ಮಿಲಿಲೀಟರ್‌ಗೆ 5 ಮಿಲಿಲೀಟರ್ ಎಣ್ಣೆ. ಬಾಟಲಿಗೆ ನಾಲ್ಕು ಹನಿ ಹಾಕಿ ಅದೇ ಫಲ ಬಯಸುವಂತಿಲ್ಲ.

ಆದರೆ ಸಹಪಾಠಿಗಳ ತಲೆಯ ಮೇಲೆ ಪ್ರಯೋಗ ಮಾಡಬೇಡಿ. ಮನುಷ್ಯರ ಮೇಲಿನ ಪರೀಕ್ಷೆಗೆ ನೈತಿಕ ಸಮಿತಿಯ ಅನುಮತಿಯೂ ವೈದ್ಯರ ಮೇಲ್ವಿಚಾರಣೆಯೂ ಬೇಕು.

ಪ್ರಶ್ನೆ: ಬೇವಿನ ಸಾರವಿರುವ ಶಾಂಪೂ ಬಳಸಲು ಆರಂಭಿಸಿದ ಎರಡು ವಾರಗಳಲ್ಲಿ ಹೊಟ್ಟು ಕಡಿಮೆಯಾಗಿದೆ. ಇದು ಬೇವಿನ ಗುಣವೆಂದು ನಂಬಬಹುದೇ?

ಉತ್ತರ: ಇಷ್ಟರಿಂದಲೇ ಹಾಗೆ ಹೇಳಲಾಗದು. ಹೊಟ್ಟು ತಾನಾಗಿಯೇ ಏರಿಳಿಯುವ ತೊಂದರೆ. ಚಳಿಯ ಒಣಹವೆಯಲ್ಲಿ ಹಲವರಿಗೆ ಹೆಚ್ಚುತ್ತದೆ. ಹೊಸ ಶಾಂಪೂ ತಂದವರು ಮೊದಲಿಗಿಂತ ಹೆಚ್ಚು ಸಲ ತಲೆ ತೊಳೆಯುವುದೂ ಉಂಟು, ಜಿಡ್ಡು ಹೋದಂತೆ ಹೊಟ್ಟೂ ಇಳಿಯುತ್ತದೆ. ವಾರಕ್ಕೆ ಎಷ್ಟು ಸಲ ತೊಳೆಯುತ್ತೀರೋ ಅಷ್ಟೇ ಸಲ, ಬೇವಿಲ್ಲದ ಸಾಧಾರಣ ಶಾಂಪೂವಿನಿಂದ ನಾಲ್ಕು ವಾರ ತೊಳೆದು ನೋಡಿ. ತೊಳೆದ ಎರಡನೆಯ ದಿನ, ಕಪ್ಪು ಬಟ್ಟೆಯ ಮೇಲೆ ತಲೆ ಬಾಗಿಸಿ ಒಂದೇ ಬಾಚಣಿಗೆಯಿಂದ ಅಷ್ಟೇ ಸಲ ಬಾಚಿ, ಉದುರಿದ್ದರ ಚಿತ್ರ ತೆಗೆದಿಡಿ. ಆಮೇಲೆ ಮತ್ತೆ ಬೇವಿನ ಶಾಂಪೂವಿಗೆ ಮರಳಿ ಇದನ್ನೇ ಮಾಡಿ. ಯಾವ ಚಿತ್ರ ಯಾವಾಗಿನದೆಂದು ಹೇಳದೆ ಮನೆಯವರೊಬ್ಬರಿಗೆ ತೋರಿಸಿ ಹೋಲಿಸಲು ಹೇಳಿ.

ಪ್ರಶ್ನೆ: ನಿಂಬೆರಸವನ್ನಾಗಲೀ ಟೀ ಟ್ರೀ ಎಣ್ಣೆಯನ್ನಾಗಲೀ ನೇರವಾಗಿ ನೆತ್ತಿಗೆ ಹಚ್ಚಬಹುದೇ?

ಉತ್ತರ: ಎರಡೂ ಬೇಡ. ನಿಂಬೆರಸದ ಪಿಎಚ್ (ಆಮ್ಲೀಯತೆಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 2, ಚರ್ಮದ ಪಿಎಚ್ 5ರ ಆಸುಪಾಸಿನದು; ಕೆರೆದು ಗಾಯವಾದ ನೆತ್ತಿಗೆ ನಿಂಬೆ ಉರಿ ತರುತ್ತದೆ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತಹ ಕಲೆಗಳೂ ಮೂಡಬಹುದು. ಟೀ ಟ್ರೀ ಎಣ್ಣೆ ಗಾಳಿ ಬೆಳಕಿಗೆ ಹಳತಾದಷ್ಟೂ ಅಲರ್ಜಿ ತರುವ ಸಾಧ್ಯತೆ ಹೆಚ್ಚು. ಅದನ್ನು ಬೆರೆಸಿದ ಶಾಂಪೂವನ್ನು ಸಹ ಮೊದಲು ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ತೊಳೆದು, ಎರಡು ದಿನ ಕಾದು ನೋಡಿ. ಹೊಟ್ಟು ದಪ್ಪ ಪದರವಾಗಿ ಅಂಟಿದ್ದರೆ, ನೆತ್ತಿ ಕೆಂಪಾಗಿದ್ದರೆ, ಕೂದಲು ತೇಪೆಯಾಗಿ ಉದುರುತ್ತಿದ್ದರೆ ಅದು ಸೋರಿಯಾಸಿಸ್ ಅಥವಾ ಹುಳುಕಡ್ಡಿ ಆಗಿರಬಹುದು. ಆಗ ಶಾಂಪೂಗಳ ಹೋಲಿಕೆಯನ್ನು ಬದಿಗಿಟ್ಟು ಚರ್ಮವೈದ್ಯರನ್ನು ಕಾಣಿ.