ಓದುಗರ ಪ್ರಶ್ನೆ, ನಮ್ಮ ಉತ್ತರ: ಓಣಿಯ ಅಕ್ಕ ವಾರ್ಡಿಗೆ ನಿಂತರೆ

ಪ್ರಶ್ನೆ: ಕಲಬುರಗಿಯ ಎಂಎಸ್‌ಕೆ ಮಿಲ್ ಭಾಗದಲ್ಲಿ ರೊಟ್ಟಿ ಮಾಡಿ ಮಾರುವ ಮಹಿಳೆಯರ ಸಂಘ ನಡೆಸುತ್ತೇನೆ. ನಳದ ನೀರು, ಒಳಚರಂಡಿ, ವಿಧವಾ ವೇತನ ಎಂದು ಓಣಿಯ ಹೆಂಗಸರನ್ನು ಕಟ್ಟಿಕೊಂಡು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದಿದ್ದೇನೆ. ಮುಂದಿನ ಮಹಾನಗರ ಪಾಲಿಕೆ ಚುನಾವಣೆಗೆ ನೀನೇ ನಿಲ್ಲು ಎಂದು ಎಲ್ಲರೂ ಒತ್ತಾಯಿಸುತ್ತಿದ್ದಾರೆ. ಒಂದು ಪಕ್ಷದವರೂ ಮನೆಗೆ ಬಂದು ಹೋದರು. ಪಕ್ಷ ಸೇರಲೇ, ಪಕ್ಷೇತರಳಾಗಿ ನಿಲ್ಲಲೇ? ನಿಂತರೆ ‘ಇವಳೂ ಅವರ ಹಾಗೆಯೇ ಆದಳು’ ಎನ್ನುತ್ತಾರೆಂಬ ಅಳುಕಿದೆ. ಹಣವಿಲ್ಲ. ವೋಟು ಕೇಳುವುದಕ್ಕಂತೂ ನಾಚಿಕೆ. ಮಾಡಿದ ಕೆಲಸ ನೋಡಿ ಜನರೇ ಹಾಕುವುದಿಲ್ಲವೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಹಾಕುವುದಿಲ್ಲ, ತಂಗಿ. ಕೇಳದವರಿಗೆ ಯಾರೂ ಹಾಕುವುದಿಲ್ಲ. ನೀವು ಯಾರಿಗೆ ಪಿಂಚಣಿ ಮಾಡಿಸಿಕೊಟ್ಟಿರೋ ಆ ಅಜ್ಜಿ ನಿಮ್ಮನ್ನು ದಿನವೂ ಹರಸುತ್ತಾಳೆ. ಮತದಾನದ ದಿನ ಮೊಮ್ಮಗ ಹೇಳಿದ ಗುಂಡಿ ಒತ್ತಿ ಬರುತ್ತಾಳೆ. ಅವಳಿಗೆ ನಿಮ್ಮ ಮೇಲೆ ಪ್ರೀತಿಯಿಲ್ಲವೆಂದಲ್ಲ. ನಿಮಗೆ ವೋಟು ಬೇಕಿತ್ತೆಂದು ನೀವು ಹೇಳಿರಲೇ ಇಲ್ಲ. ಕಂದಾಯ ಇಲಾಖೆಯ ನೌಕರಿಯಲ್ಲಿದ್ದಾಗ ನಾಮಪತ್ರ ಪರಿಶೀಲನೆಯ ಮೇಜಿನ ಪಕ್ಕದಲ್ಲಿ ಕುಳಿತು ಕಾಗದ ಜೋಡಿಸಿಕೊಟ್ಟವನು ನಾನು. ಎಣಿಕೆಯ ದಿನ ಸಮಾಜಸೇವಕರ ಮುಖ ಬಾಡುವುದನ್ನು ಕಂಡಿದ್ದೇನೆ. ‘ಇಷ್ಟು ಮಾಡಿದೆನಲ್ಲ ಸಾಹೇಬರೇ’ ಎನ್ನುತ್ತಿದ್ದರು. ಎಷ್ಟು ಮನೆಗೆ ಹೋಗಿ ಕೇಳಿದಿರಿ ಎಂದರೆ ಉತ್ತರವಿರಲಿಲ್ಲ. ಸಿಟ್ಟಾಗಬೇಡಿ, ಆ ನಾಚಿಕೆಯಲ್ಲಿ ಅರ್ಧ ಬಿಗುಮಾನವೇ ಇರುತ್ತದೆ.

ಲೆಕ್ಕ ನೋಡಿ. 2011ರ ಜನಗಣತಿಯಲ್ಲೇ ಐದು ಲಕ್ಷ ದಾಟಿದ ಊರಿದು. ಪಾಲಿಕೆಯಲ್ಲಿ 55 ವಾರ್ಡುಗಳಿವೆ. ಅಂದರೆ ಒಂದೊಂದು ವಾರ್ಡಿನಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನ. ಈಗ ಇನ್ನೂ ಹೆಚ್ಚು. 2021ರ ಸೆಪ್ಟೆಂಬರ್ ಚುನಾವಣೆಯಲ್ಲಿ ಸುಮಾರು ಅರ್ಧದಷ್ಟು ಮತದಾರರು ಮನೆಯಲ್ಲೇ ಉಳಿದರು. ನಿಮ್ಮ ಧರಣಿಗೆ ಇನ್ನೂರು ಹೆಂಗಸರು ಬಂದರೆ ಕಚೇರಿಯ ಗೇಟು ತುಂಬುತ್ತದೆ, ಮತಪೆಟ್ಟಿಗೆ ತುಂಬುವುದಿಲ್ಲ. ಆದರೆ ಇಷ್ಟು ಸಣ್ಣ ವಾರ್ಡನ್ನು ಒಬ್ಬ ಹೆಂಗಸು ಕಾಲ್ನಡಿಗೆಯಲ್ಲಿ, ಮನೆ ಬಿಡದೆ, ಎರಡು ಸಲ ಸುತ್ತಬಹುದು. ಹಣವಿಲ್ಲದವರಿಗೆ ಇರುವ ಅನುಕೂಲ ಇದೊಂದೇ, ಅದು ಸಣ್ಣದೇನೂ ಅಲ್ಲ.

ಮತದಾರರ ಪಟ್ಟಿ ತಂದುಕೊಳ್ಳಿ. ಅದನ್ನು ಪೆನ್ಸಿಲ್ ಹಿಡಿದು ಓದಬೇಕು. ಒಂದು ಪುಟ ತೆರೆದರೆ ಒಂದೇ ಮನೆ ಸಂಖ್ಯೆಯ ಕೆಳಗೆ ಏಳು ಹೆಸರುಗಳಿರುತ್ತವೆ: ಹಿರಿಯರೊಬ್ಬರು ತೀರಿಕೊಂಡಿದ್ದಾರೆ, ಹೆಣ್ಣುಮಗಳು ಮದುವೆಯಾಗಿ ಸೊಲ್ಲಾಪುರಕ್ಕೆ ಹೋಗಿದ್ದಾಳೆ, ಒಬ್ಬ ಮಗ ಪುಣೆಯಲ್ಲಿ ಕೆಲಸಕ್ಕಿದ್ದಾನೆ, ಹೊಸದಾಗಿ ಬಂದ ಸೊಸೆಯ ಹೆಸರು ಸೇರಿಯೇ ಇಲ್ಲ. ಏಳರಲ್ಲಿ ನಿಜವಾಗಿ ಬಂದು ಮತ ಹಾಕುವವರು ನಾಲ್ವರು. ಸೊಸೆಯ ಹೆಸರು ಸೇರಿಸಲು ಈಗಲೇ ಅರ್ಜಿ ಹಾಕಿಸಿ. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿ ಪ್ರಯೋಜನವಿಲ್ಲ. ಈ ಕೆಲಸ ನಿಮ್ಮ ಸಂಘದ ಹೆಂಗಸರಿಗೆ ಗೊತ್ತಿರುವಷ್ಟು ಯಾವ ಪಕ್ಷದ ಕಾರ್ಯಕರ್ತನಿಗೂ ಗೊತ್ತಿರುವುದಿಲ್ಲ. ಯಾವ ಮನೆಯಲ್ಲಿ ಉರ್ದುವಿನಲ್ಲಿ ಮಾತನಾಡಬೇಕು, ಯಾವ ಮನೆಯಲ್ಲಿ ಅತ್ತೆಯನ್ನು ಮೊದಲು ಮಾತನಾಡಿಸಬೇಕು ಎಂಬುದೂ ಅವರಿಗೇ ಗೊತ್ತು. ನಮ್ಮೂರ ಬಿಸಿಲಿನಲ್ಲಿ ಮಧ್ಯಾಹ್ನ ಬಾಗಿಲು ತಟ್ಟಿದರೆ ಇರುವ ವೋಟೂ ಹೋಗುತ್ತದೆ. ಬೆಳಗಿನ ರೊಟ್ಟಿ ಮುಗಿದು ಹಂಚು ಇಳಿಸಿದ ಮೇಲಿನ ಒಂದು ತಾಸು, ಮತ್ತೆ ದೀಪ ಹಚ್ಚುವ ಹೊತ್ತು, ಇವೆರಡೇ ನಿಮ್ಮ ಸಮಯ. ಬಾಗಿಲಲ್ಲಿ ನಿಂತು ‘ಹೇಗಿದ್ದೀರಿ’ ಎಂದು ಕೇಳಿ ಬರಬೇಡಿ. ‘ನಾನು ನಿಂತಿದ್ದೇನೆ, ನಿಮ್ಮ ಮನೆಯ ನಾಲ್ಕು ವೋಟು ನನಗೆ ಬೇಕು’ ಎನ್ನಿ. ಅವರು ಏನೆಂದರೆಂದು ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಿ.

ಪಕ್ಷದ ಮಾತು. 2021ರಲ್ಲಿ ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4 ಸ್ಥಾನ ಗೆದ್ದವು. ಪಕ್ಷೇತರರು ಗೆದ್ದದ್ದು ಒಂದೇ ಒಂದು ಕಡೆ. ಈ ಅಂಕಿಯನ್ನು ಮುಚ್ಚಿಟ್ಟು ಧೈರ್ಯ ಹೇಳಲಾರೆ. ಪಕ್ಷ ಚಿಹ್ನೆ ಕೊಡುತ್ತದೆ, ಮತಗಟ್ಟೆಯಲ್ಲಿ ಕೂರಲು ಏಜೆಂಟರನ್ನು ಕೊಡುತ್ತದೆ. ಹಾಗೆಯೇ ವಿಪ್ ಕೂಡ ಕೊಡುತ್ತದೆ, ಅಂದರೆ ಸಭೆಯಲ್ಲಿ ಹೀಗೇ ಮತ ಹಾಕಬೇಕೆಂಬ ಅಪ್ಪಣೆ. 1987ರ ಪಕ್ಷಾಂತರ ನಿಷೇಧ ಕಾಯ್ದೆ ಕರ್ನಾಟಕದ ಸ್ಥಳೀಯ ಸಂಸ್ಥೆಗಳಿಗೂ ಇದೆ. ವಿಪ್ ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಗೆದ್ದ ಮೇಲಿನ ಕಥೆಯೂ ತಿಳಿದಿರಲಿ: ಮೇಯರ್ ಚುನಾವಣೆ ನಡೆಯಲು 2023ರ ಮಾರ್ಚ್ ತನಕ ಕಾಯಬೇಕಾಯಿತು, ಕೊನೆಗೆ ಆ ಕುರ್ಚಿ 23 ಗೆದ್ದ ಪಕ್ಷಕ್ಕೆ ಹೋಯಿತು, ಏಕೆಂದರೆ ಅಲ್ಲಿ ಶಾಸಕರು ಸಂಸದರಿಗೂ ಮತವಿದೆ. ನನ್ನನ್ನು ಕೇಳಿದರೆ, ಮನೆಗೆ ಬಂದವರಿಗೆ ಒಂದೇ ಪ್ರಶ್ನೆ ಹಾಕಿ: ವಾರ್ಡಿನ ನೀರು ಚರಂಡಿಯ ವಿಷಯದಲ್ಲಿ ನಾನು ಸಭೆಯಲ್ಲಿ ನಮ್ಮದೇ ಪಕ್ಷದವರ ವಿರುದ್ಧ ಮಾತನಾಡಬಹುದೇ? ಉತ್ತರ ತಡವಾದರೆ ಚಹಾ ಕುಡಿಸಿ ಕಳುಹಿಸಿಬಿಡಿ.

ಮೀಸಲಾತಿಯನ್ನೂ ಮರೆಯಬೇಡಿ. ಅರ್ಧ ಸ್ಥಾನ ಮಹಿಳೆಯರಿಗಿದ್ದರೂ ಯಾವ ವಾರ್ಡ್ ಯಾವ ವರ್ಗಕ್ಕೆ ಎಂಬುದು ಚುನಾವಣೆಯಿಂದ ಚುನಾವಣೆಗೆ ಸುತ್ತುತ್ತದೆ. ನಿಮ್ಮ ವಾರ್ಡ್ ಕೈತಪ್ಪಿದರೆ ಪಕ್ಕದ ವಾರ್ಡಿಗೂ ನಿಲ್ಲಬಹುದು. ಪಾಲಿಕೆಯ ಯಾವುದೇ ವಾರ್ಡಿನ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ಸಾಕು. ಆದರೆ ನಿಮ್ಮ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಸೂಚಕರು ಮಾತ್ರ ನೀವು ನಿಲ್ಲುವ ವಾರ್ಡಿನವರೇ ಆಗಿರಬೇಕು. ನಮ್ಮೂರಿನಲ್ಲಿ ವಾರ್ಡಿನ ಗಡಿ ಎಷ್ಟೋ ಕಡೆ ಓಣಿಯ ನಡುವೆ ಹಾದುಹೋಗುತ್ತದೆ. ಎದುರು ಮನೆಯವರನ್ನು ಸೂಚಕರನ್ನಾಗಿ ತಂದು, ಅವರು ಬೇರೆ ವಾರ್ಡಿನವರೆಂದು ಗೊತ್ತಾಗಿ ನಾಮಪತ್ರ ಕಳೆದುಕೊಂಡವರಿದ್ದಾರೆ. ಜಾತಿ ಪ್ರಮಾಣಪತ್ರ ಬೇಕಾಗುವುದಾದರೆ ಈಗಲೇ ಮಾಡಿಸಿ. ಮನೆಯ ತೆರಿಗೆ, ನೀರಿನ ಬಾಕಿ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಇನ್ನು ಸಂಘ. ಇಲ್ಲಿ ನಾನು ಸ್ವಲ್ಪ ಕಟುವಾಗುತ್ತೇನೆ. ನಾಮಪತ್ರ ಸಲ್ಲಿಸುವ ಮೊದಲೇ ಅಧ್ಯಕ್ಷ ಸ್ಥಾನವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಿ. ಕರಪತ್ರದಲ್ಲಿ ಸಂಘದ ಹೆಸರು ಬೇಡ. ಸಂಘದ ಖಾತೆಯಿಂದ ಬ್ಯಾನರ್‌ಗೆ ಒಂದು ರೂಪಾಯಿಯೂ ಹೋಗಬಾರದು. ಚುನಾವಣಾ ಖರ್ಚಿಗೆ ಬೇರೆ ವಹಿ ತೆರೆದು ದಿನದಿನವೂ ಬರೆಯಿರಿ. ಫಲಿತಾಂಶದ ನಂತರ ಲೆಕ್ಕ ಒಪ್ಪಿಸಬೇಕು, ಸೋತವರೂ ಒಪ್ಪಿಸಬೇಕು. ಠೇವಣಿಗಿಂತ ಚಹಾದ ಖರ್ಚೇ ಹೆಚ್ಚಾಗುತ್ತದೆ, ಅದನ್ನೂ ಬರೆಯಿರಿ. ಸಂಘಕ್ಕೆ ಪಾಲಿಕೆಯಿಂದ ಊಟ ಪೂರೈಸುವ ಗುತ್ತಿಗೆಯೇನಾದರೂ ಇದ್ದು ಅದರಲ್ಲಿ ನಿಮಗೆ ಪಾಲಿದ್ದರೆ, 1976ರ ಪೌರ ನಿಗಮಗಳ ಕಾಯ್ದೆಯಂತೆ ಅನರ್ಹತೆಯ ಪ್ರಶ್ನೆ ಬರುತ್ತದೆ. ವಕೀಲರನ್ನು ಕಂಡು ಬಿಡಿಸಿಕೊಳ್ಳಿ. ‘ಇವಳೂ ಅವರ ಹಾಗೆ’ ಎಂಬ ಮಾತಿಗೆ ಈ ವಹಿಯೇ ಉತ್ತರ. ಕೇಳಿದವರ ಮುಂದೆ ಇಡಿ.

ಗೆದ್ದರೆ ಒಂದು ಬೇಸರ ಕಾದಿದೆ. ಆದೇಶ ಹೊರಡಿಸುವುದು ಆಯುಕ್ತರು. ಸದಸ್ಯೆಯಾಗಿ ನಿಮ್ಮ ಕೈಯಲ್ಲಿರುವುದು ಪ್ರಶ್ನೆ ಮತ್ತು ಮತ. ನಾಲ್ಕು ಸ್ಥಾಯಿ ಸಮಿತಿಗಳಿವೆ. ಎಲ್ಲರೂ ತೆರಿಗೆ ಮತ್ತು ಹಣಕಾಸಿನ ಸಮಿತಿಗೆ ಮುಗಿಬೀಳುತ್ತಾರೆ. ನೀವು ಲೆಕ್ಕಪತ್ರ ಸಮಿತಿಯನ್ನು ಕೇಳಿ ಪಡೆಯಿರಿ, ಅಲ್ಲಿ ಪೈಪೋಟಿ ಕಡಿಮೆ, ಕಡತಗಳು ಹೆಚ್ಚು. ವಿಶ್ವಬ್ಯಾಂಕ್ ನೆರವಿನ ನಿರಂತರ ನೀರಿನ ಪ್ರಾಯೋಗಿಕ ಯೋಜನೆಗೆ ಹುಬ್ಬಳ್ಳಿ–ಧಾರವಾಡ, ಬೆಳಗಾವಿಯ ಜೊತೆ ಆರಿಸಲ್ಪಟ್ಟ ಊರು ನಮ್ಮದು. ಹೊರಗೆ ಕೊಡ ಹಿಡಿದು ಕೂಗಿದ ಪ್ರಶ್ನೆಯನ್ನೇ, ಯಾವ ಓಣಿಯಲ್ಲಿ ಎಷ್ಟು ಮನೆಗೆ ಸಂಪರ್ಕ, ಎಷ್ಟು ಬಿಲ್ ಎಂದು ಬರವಣಿಗೆಯಲ್ಲಿ ಕೇಳಿ ಬರವಣಿಗೆಯಲ್ಲೇ ಉತ್ತರ ಪಡೆಯಬೇಕು. ಅದಕ್ಕೆ ತಾಳ್ಮೆಯಿದ್ದರೆ ನಿಲ್ಲಿ.

ಪ್ರಶ್ನೆ: ನನಗೆ 22 ವರ್ಷ, ಪದವಿ ಕೊನೆಯ ವರ್ಷ. ಪಾಲಿಕೆಗೆ ನಿಲ್ಲಬಹುದೇ?
– ವಿದ್ಯಾರ್ಥಿ, ಸೇಡಂ ರಸ್ತೆ

ಉತ್ತರ: ಧಾರಾಳವಾಗಿ. ವಿಧಾನಸಭೆಗೆ 25 ಆಗಬೇಕು, ಪಾಲಿಕೆಗೆ 21 ಸಾಕು. ಪರೀಕ್ಷೆಯ ವೇಳಾಪಟ್ಟಿಯನ್ನೂ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ವಾರ್ಡಿನ ಸದಸ್ಯೆಗೆ ಫೋನ್ ಮಾಡಿದರೆ ಯಾವಾಗಲೂ ಅವರ ಪತಿ ಎತ್ತುತ್ತಾರೆ. ಭೂಮಿಪೂಜೆಗೂ ಅವರೇ ಬರುತ್ತಾರೆ. ನಾವು ಆರಿಸಿದ್ದು ಯಾರನ್ನು?
– ಗೃಹಿಣಿ, ಆಳಂದ ರಸ್ತೆ

ಉತ್ತರ: ಫೋನ್ ಎತ್ತುವುದನ್ನು ಯಾವ ಕಾಯ್ದೆಯೂ ತಡೆಯಲಾರದು. ಆದರೆ ಸಾಮಾನ್ಯ ಸಭೆಯಲ್ಲಿ ಪತಿರಾಯರಿಗೆ ಕುರ್ಚಿಯಿಲ್ಲ, ಮತವಿಲ್ಲ. ಆದ್ದರಿಂದ ಫೋನ್ ಬಿಡಿ, ಕಾಗದ ಹಿಡಿಯಿರಿ. ಅರ್ಜಿಯನ್ನು ಸದಸ್ಯೆಯ ಹೆಸರಿಗೇ ಬರೆದು, ನಾಲ್ಕು ಜನ ಹೆಂಗಸರು ಕೂಡಿಕೊಂಡು ಮನೆಗೆ ಹೋಗಿ, ಅವರ ಕೈಗೇ ಕೊಡಿ. ನಕಲಿನ ಮೇಲೆ ಅವರಿಂದಲೇ ಸಹಿ ಪಡೆಯಿರಿ. ಪತಿ ಸಹಿ ಹಾಕಲು ಮುಂದೆ ಬಂದರೆ ಪೆನ್ನು ಕೊಡಬೇಡಿ.