3 ತಿಂಗಳು ಕರಾಟೆ ಕಲಿತರೆ ಗಂಡಸನ್ನು ಹೊಡೆಯೋಕಾಗುತ್ತಾ?

ನೀವು ಮದ್ದೂರು ಕಡೆಯವರು, ಮೈಸೂರಿನ ಪಿಜಿಯಲ್ಲಿದ್ದು ಓದ್ತಿದ್ದೀರಿ, ಆತ್ಮರಕ್ಷಣೆ ಕ್ಲಾಸಿಗೆ ಸೇರು ಅಂತ ಅಮ್ಮ ಹಟ ಹಿಡಿದಿದ್ದಾರೆ. 50 ಕೆಜಿ ಕೂಡ ಇಲ್ಲದ ನಾನು 3 ತಿಂಗಳು ಕಲಿತು 80 ಕೆಜಿ ಗಂಡಸನ್ನು ಹೊಡೆಯೋಕಾಗುತ್ತಾ, ಹೆಣ್ಮಕ್ಕಳಿಗೆ ಇದೆಲ್ಲ ಯಾಕೆ ಅಂತ ಕೇಳಿದ್ದೀರಿ.

ಹೊಡೆದು ಕೆಡವೋಕೆ ಆಗಲ್ಲ. ಅದಕ್ಕೇ ಅಂತ ಸೇರೋದಾದರೆ ಫೀಸು ದಂಡ. ಆದರೂ ಸೇರಿ ಅಂತಲೇ ಹೇಳ್ತೀನಿ.

ನಾನು ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಸರ್ಕಾರಿ ಶಾಲೆಗಳ ಸಮಗ್ರ ಶಿಕ್ಷಣ ಯೋಜನೆಯಡಿ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ 3 ತಿಂಗಳ ಆತ್ಮರಕ್ಷಣೆ ತರಬೇತಿ ಇದೆಯಲ್ಲ, ಅದು ನಮ್ಮಲ್ಲಿ ನಡೆದಾಗಲೆಲ್ಲ ನಾನೂ ಮೈದಾನದಲ್ಲೇ ಇರ್ತೀನಿ. ಒದೆಯೋದನ್ನು ಹುಡುಗಿಯರು ಬೇಗ ಕಲೀತಾರೆ. ಹಸುವಿಗೆ ಹುಲ್ಲು ಹೊತ್ತು ತಂದು, ನೀರು ಸೇದಿ ಬೆಳೆದ ಮಕ್ಕಳು, ಕಸುವಿಗೇನೂ ಬರ ಇಲ್ಲ. ಕಷ್ಟ ಆಗೋದು ಕೂಗೋಕೆ. 'ಕೈ ತೆಗಿ, ದೂರ ನಿಂತ್ಕೋ' ಅಂತ ಜೋರಾಗಿ ಹೇಳಿ ಅಂದರೆ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಗು, ಬಾಯಿಗೆ ವೇಲು ಅಡ್ಡ. ನಾಲೆ ನೀರಿನ ಸರದಿಗೆ ಜಗಳ ಬಿದ್ದರೆ ಆಚೆ ಊರಿಗೂ ಕೇಳೋ ಹಾಗೆ ಬೈಯೋ ಅಜ್ಜಿಯರ ಮೊಮ್ಮಕ್ಕಳು ಇವರು! ಗದ್ದೆಗೋಸ್ಕರ ಏಳೋ ದನಿ ಸ್ವಂತ ಮೈಗೋಸ್ಕರ ಏಳಲ್ಲ. ಯಾಕಂದರೆ ಗದ್ದೆಗೆ ಕೂಗಿದರೆ ಗಟ್ಟಿಗಿತ್ತಿ ಅಂತಾರೆ, ಮೈ ಮುಟ್ಟಿದ ಅಂತ ಕೂಗಿದರೆ ನೀನ್ಯಾಕೆ ಅಲ್ಲಿಗೆ ಹೋಗಿದ್ದೆ ಅಂತಾರೆ. ಆ ಅಳುಕನ್ನು ಬಿಡಿಸೋದೇ ಈ ತರಬೇತಿಯ ಮುಕ್ಕಾಲು ಕೆಲಸ.

ಪಿ.ಟಿ. ಟೀಚರ್ ಮಾತು ಅಂತ ತಳ್ಳಿಹಾಕೋದಾದರೆ ಕೆನಡಾದ ಒಂದು ಅಧ್ಯಯನ ಕೇಳಿ. ಅಲ್ಲಿನ 3 ವಿಶ್ವವಿದ್ಯಾಲಯಗಳಲ್ಲಿ ಷಾರ್ಲೀನ್ ಸೆನ್ ಅನ್ನೋ ಮನಶ್ಶಾಸ್ತ್ರಜ್ಞೆಯ ತಂಡ 893 ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ಗಂಟೆಯ ತರಬೇತಿ, ಇನ್ನೊಂದಕ್ಕೆ ಬರೀ ಮಾಹಿತಿಯ ಕರಪತ್ರ ಕೊಟ್ಟಿತು. ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರು ಕರಪತ್ರದ ಗುಂಪಿನಲ್ಲಿ ಶೇ. 9.8, ತರಬೇತಿ ಪಡೆದವರಲ್ಲಿ ಶೇ. 5.2. ಇದು 2015ರಲ್ಲಿ ಪ್ರಕಟ ಆಯ್ತು. ನನಗೆ ಮುಖ್ಯ ಅನ್ನಿಸಿದ್ದು ಆ 12 ಗಂಟೆಯಲ್ಲಿ ಕೈಕಾಲಿನ ಪಾಠ ಒಂದು ಪಾಲು ಮಾತ್ರ ಅನ್ನೋದು. ಹೆಚ್ಚಿನ ಹೊತ್ತು ಹೋಗಿದ್ದು ಪರಿಚಯದ ಗಂಡಸಿನ ನಡವಳಿಕೆಯಲ್ಲಿ ಅಪಾಯ ಗುರುತಿಸೋಕೆ, ಮುಲಾಜು ಬಿಟ್ಟು ಬೇಡ ಅನ್ನೋಕೆ.

ಮುಲಾಜಿನ ಮಾತು ಯಾಕೆ ಅಂದರೆ, ಅಮ್ಮಂದಿರ ಕಣ್ಣಿಗೆ ಕಾಣೋದು ಕತ್ತಲೆ, ಎರಡೂ ಕಡೆ ಆಳೆತ್ತರದ ಕಬ್ಬು, ನಡುವೆ ಯಾವನೋ ಗೊತ್ತಿಲ್ಲದವನು. ದೇಶದ ಅಪರಾಧಗಳ ಲೆಕ್ಕ ಇಡೋ ಎನ್‌ಸಿಆರ್‌ಬಿಯ ವರ್ಷವರ್ಷದ ವರದಿ ತೆಗೆದು ನೋಡಿ, ಅತ್ಯಾಚಾರದ ಕೇಸುಗಳಲ್ಲಿ ಶೇ. 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಯದವನೇ. ನೆಂಟ, ಪಕ್ಕದ ಮನೆಯವನು, ಸ್ನೇಹಿತ, ಕೆಲಸ ಕೊಟ್ಟವನು. ಗೊತ್ತಿಲ್ಲದವನನ್ನು ಒದೆಯೋದು ಸುಲಭ ರೀ. ಮದುವೆ ಮನೆಯಲ್ಲಿ 'ಏನಮ್ಮಾ, ಎಷ್ಟು ದೊಡ್ಡೋಳಾಗ್ಬಿಟ್ಟೆ' ಅಂತ ಬೆನ್ನು ಸವರಿ ಕೈ ಅಲ್ಲೇ ಬಿಡೋ ದೊಡ್ಡ ಮನುಷ್ಯರಿಗೆ 'ಕೈ ತೆಗೀರಿ' ಅನ್ನೋದಿದೆಯಲ್ಲ, ಅದಕ್ಕೆ ಅಭ್ಯಾಸ ಬೇಕು.

ಇನ್ನೊಂದು ಕಾರಣ ಮೈಸೂರಿನದ್ದೇ. 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬರ ಮೇಲೆ ಸಾಮೂಹಿಕ ಅತ್ಯಾಚಾರ ಆದಾಗ, ಮೈಸೂರು ವಿಶ್ವವಿದ್ಯಾನಿಲಯ ಒಂದು ಸುತ್ತೋಲೆ ಹೊರಡಿಸಿತು: ಸಂಜೆ 6.30ರ ನಂತರ ಹೆಣ್ಣುಮಕ್ಕಳು ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಒಬ್ಬರೇ ಓಡಾಡಬಾರದು, ಕುಕ್ಕರಹಳ್ಳಿ ಕೆರೆ ಕಡೆ ಹೋಗಬಾರದು. ಊರೆಲ್ಲ ಉಗಿದ ಮೇಲೆ ವಾಪಸ್ ತಗೊಂಡರು. ಗಂಡಸರ ಗುಂಪು ಬಂದು ಮುತ್ತಿದರೆ ಯಾವ ಕರಾಟೆಯೂ ನಡೆಯಲ್ಲ, 'ಆ ಹುಡುಗಿ ಕಲಿತಿದ್ದರೆ' ಅಂತ ಯಾರಾದರೂ ಅಂದರೆ ನನಗೆ ಮೈ ಉರಿಯುತ್ತೆ. ತಪ್ಪು ಮಾಡಿದವರದ್ದೇ ಹೊರತು ಅವಳದ್ದಲ್ಲ. ಆದರೆ ಏನೇ ಆದರೂ ಮೊದಲು ಬಾಗಿಲು ಹಾಕೋದು ಹುಡುಗಿಯರ ಮೇಲೆ. ಕಲಿತ ಹುಡುಗಿಗೆ ಏನೂ ಆಗಲ್ಲ ಅಂತ ನಾನು ಬರೆದುಕೊಡಲಾರೆ. ಅವಳು ಸಂಜೆ ಲೈಬ್ರರಿಯಿಂದ ಬರೋಕೆ ಅಣ್ಣನ ಬೈಕಿಗೆ ಕಾಯಲ್ಲ, ಅಷ್ಟು ಗ್ಯಾರಂಟಿ.

ದಿನನಿತ್ಯದ ಮಾತಿಗೆ ಬಂದರೆ, ನಿಮಗೆ ಹೆಚ್ಚು ಉಪಯೋಗಕ್ಕೆ ಬರೋದು ಬಸ್ಸಿನಲ್ಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಮ್ಮ ಮಂಡ್ಯ–ಮೈಸೂರು ಬಸ್ಸಲ್ಲಿ ಹೆಂಗಸರು ತುಂಬಿರ್ತಾರೆ, ಬಹಳ ಒಳ್ಳೇದು, ಆದರೆ ರಶ್ಶಿನಲ್ಲಿ ಮೈಮೇಲೆ ಬೀಳೋರೂ ಇರ್ತಾರೆ. ಆಗ 'ಥೂ' ಅಂತ ಪಕ್ಕಕ್ಕೆ ಸರಿದರೆ ಅವನು ಮುಂದಿನವಳ ಹತ್ತಿರ ಹೋಗ್ತಾನೆ. 'ನೀಲಿ ಶರ್ಟು, ಕೈ ತೆಗಿ!' ಅಂತ ಕೂಗಿ. ಶರ್ಟಿನ ಬಣ್ಣ ಹೇಳಿದ ತಕ್ಷಣ ಬಸ್ಸೆಲ್ಲ ಅವನ ಕಡೆ ತಿರುಗುತ್ತೆ, ನಿಮ್ಮ ಕಡೆ ಅಲ್ಲ. ಆಮೇಲೆ ಕಂಡಕ್ಟರ್‌ನ ಕರೀರಿ. ಕಂಪ್ಲೇಂಟ್ ಕೊಡೋದಾದರೆ, ಶ್ರೀರಂಗಪಟ್ಟಣದ ಹತ್ತಿರ ಆಗಿದ್ದಕ್ಕೆ ಮೈಸೂರಿನ ಸ್ಟೇಷನ್ನಲ್ಲೂ ಝೀರೋ ಎಫ್‌ಐಆರ್ ಮಾಡಿಸಬಹುದು, ಇದು ನಮ್ಮ ಹದ್ದಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ.

ಕೈಕಾಲಿನ ಪಾಠ ಚಿಕ್ಕದು. ಗೆಲ್ಲೋದಲ್ಲ, ಬಿಡಿಸಿಕೊಂಡು ಓಡೋದು ಗುರಿ. ಮಣಿಕಟ್ಟು ಹಿಡಿದರೆ ಅವನ ಹೆಬ್ಬೆರಳಿನ ಕಡೆಗೆ ತಿರುಗಿಸಿ ಎಳೀರಿ, ಹಿಡಿತ ಸಡಿಲ ಇರೋದು ಅಲ್ಲೇ. ಮುಷ್ಟಿಗಿಂತ ಅಂಗೈ ಬುಡದಿಂದ ಮೂಗಿಗೆ ಗುದ್ದೋದು ಮೇಲು, ನಿಮ್ಮ ಬೆರಳು ಮುರಿಯಲ್ಲ. ಹಿಂದಿನಿಂದ ತಬ್ಬಿದರೆ ಮೊಣಕೈ, ಎದುರಿಗಿದ್ದರೆ ತೊಡೆಸಂದಿಗೆ ಮೊಣಕಾಲು. ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳೋದು ಕಾನೂನುಬದ್ಧವೇ, ಆದರೆ ಬ್ಯಾಗಿನ ತಳದಲ್ಲಿ ಟಿಫನ್ ಬಾಕ್ಸಿನ ಕೆಳಗಿದ್ದರೆ ಏನೂ ಉಪಯೋಗ ಇಲ್ಲ, ಗಾಳಿ ನಿಮ್ಮ ಕಡೆ ಬೀಸ್ತಿದ್ದರೆ ಖಾರ ನಿಮ್ಮ ಕಣ್ಣಿಗೇ. ಸರಗಳ್ಳ ಬಂದರೆ ಮಾತ್ರ ಹೋರಾಡಬೇಡಿ, ಸರ ಹೋಗಲಿ. ಈ ಮಾತನ್ನು ನಮ್ಮ ತಾಯಿ ಇವತ್ತಿಗೂ ಒಪ್ಪಲ್ಲ.

ಇಷ್ಟೆಲ್ಲ ಕಲಿತವರಿಗೂ ಆ ಗಳಿಗೆಯಲ್ಲಿ ಕೈಕಾಲು ಆಡದೇ ಹೋಗಬಹುದು. ಸ್ಟಾಕ್‌ಹೋಮಿನಲ್ಲಿ ಅತ್ಯಾಚಾರ ಸಂತ್ರಸ್ತರ ತುರ್ತು ಚಿಕಿತ್ಸಾಲಯಕ್ಕೆ ಬಂದಿದ್ದ 298 ಮಹಿಳೆಯರನ್ನು ಕೇಳಿದಾಗ ಶೇ. 70ರಷ್ಟು ಮಂದಿ ಮೈ ಮರಗಟ್ಟಿ ಹೋಯ್ತು ಅಂದಿದ್ದರು, 2017ರ ವರದಿ. ಅದು ಹೇಡಿತನ ಅಲ್ಲ, ದೇಹ ತಾನಾಗೇ ಮಾಡೋದು. ನಮ್ಮ ಕಾನೂನೂ ಸ್ಪಷ್ಟವಾಗಿದೆ: ಪ್ರತಿರೋಧಿಸಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತು ಅಂತ ತಿಳಿಯೋ ಹಾಗಿಲ್ಲ.

ತಿರುಗಿ ಹೊಡೆದರೆ ನನ್ನ ಮೇಲೇ ಕೇಸ್ ಹಾಕ್ತಾರಾ ಅಂತ ನಮ್ಮ ಹುಡುಗಿಯರೂ ಕೇಳ್ತಾರೆ. 2024ರ ಜುಲೈ 1ರಿಂದ ಹಳೇ ಐಪಿಸಿ ಬದಲು ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಪೂರ್ತಿ ಸ್ವರಕ್ಷಣೆಯ ಹಕ್ಕಿನ ಬಗ್ಗೆಯೇ ಇವೆ. ಅತ್ಯಾಚಾರ, ಅಪಹರಣದ ಉದ್ದೇಶದ ಹಲ್ಲೆ, ಆಸಿಡ್ ದಾಳಿ ಇಂಥವನ್ನು ತಡೆಯುವಾಗ ಎದುರಿನವನ ಜೀವ ಹೋದರೂ ಆ ಹಕ್ಕು ರಕ್ಷಿಸುತ್ತೆ, 38ನೇ ಸೆಕ್ಷನ್. ಅಗತ್ಯಕ್ಕಿಂತ ಹೆಚ್ಚು ಹೊಡೀಬಾರದು ಅಷ್ಟೇ. ಬಿದ್ದು ಕೈಮುಗಿಯೋನನ್ನು ಅಟ್ಟಿಸಿಕೊಂಡು ಹೋಗಿ ತದುಕಿದರೆ ಅದು ಸ್ವರಕ್ಷಣೆ ಅಲ್ಲ.

ಫೋನಿನ ಸೆಟ್ಟಿಂಗಿನಲ್ಲಿ ಎಮರ್ಜೆನ್ಸಿ ಎಸ್‌ಒಎಸ್ ಇವತ್ತೇ ಆನ್ ಮಾಡಿ. ಅಮ್ಮನದು ಕೀಪ್ಯಾಡ್ ಫೋನ್ ಆಗಿದ್ದರೆ 5 ಅಥವಾ 9 ಒತ್ತಿ ಹಿಡಿದರೆ ತುರ್ತು ಸಹಾಯದ 112ಕ್ಕೆ ಕಾಲ್ ಹೋಗೋ ವ್ಯವಸ್ಥೆ 2017ರಿಂದ ಕಡ್ಡಾಯ ಆಗಿದೆ, ಅವರಿಗೂ ತೋರಿಸಿಕೊಡಿ.

ಕ್ಲಾಸ್ ಹುಡುಕುವಾಗ ಫೀಸು ಕಟ್ಟೋ ಮೊದಲು ಒಂದು ದಿನ ಸುಮ್ಮನೆ ಕೂತು ನೋಡಿ. ಸಾಲಾಗಿ ನಿಂತು ಗಾಳಿಗೆ ಗುದ್ದೋದೇ ಪೂರ್ತಿ ಪಾಠವಾಗಿದ್ದರೆ ಅದು ಒಳ್ಳೆ ವ್ಯಾಯಾಮ, ನಿಮಗೆ ಬೇಕಾದ್ದಲ್ಲ. ಒಬ್ಬರು ನಿಜವಾಗಿ ಕೈ ಹಿಡಿದು ಎಳೀಬೇಕು, ನೀವು ಕೂಗಿ ಬಿಡಿಸಿಕೊಳ್ಳಬೇಕು, ಅಂಥ ಕಡೆ ಸೇರಿ. ಪಿಜಿಯಿಂದ ಇನ್ನೊಬ್ಬರನ್ನು ಜೊತೆಗೆ ಎಳ್ಕೊಂಡು ಹೋಗಿ, 3 ತಿಂಗಳು ಮುಗಿದ ಮೇಲೂ ರೂಮಿನಲ್ಲಿ ಅಭ್ಯಾಸಕ್ಕೆ ಒಬ್ಬರು ಬೇಕಲ್ಲ.